ದುಡಿಯಲು ಬನ್ನಿ, ಉಳಿಯಲು ಬೇಡ

ಚೀನಾ ಸರ್ಕಾರ ಪ್ರತಿವರ್ಷ ಎರಡು ಲೆಕ್ಕ ಕೊಡುತ್ತದೆ. ದೇಶದ ಜನರಲ್ಲಿ ಎಷ್ಟು ಮಂದಿ ನಗರ, ಪಟ್ಟಣಗಳಲ್ಲಿ ವಾಸವಾಗಿದ್ದಾರೆ ಎಂಬುದು ಒಂದು. ಎಷ್ಟು ಮಂದಿಗೆ ನಗರದ ‘ಹುಕೌ’ ಇದೆ ಎಂಬುದು ಇನ್ನೊಂದು. 2023ರ ಕೊನೆಗೆ ಮೊದಲನೆಯದು ಶೇ 66 ದಾಟಿತ್ತು, ಎರಡನೆಯದು ಶೇ 48ರ ಆಸುಪಾಸಿನಲ್ಲಿತ್ತು. 140 ಕೋಟಿ ಜನರ ದೇಶದಲ್ಲಿ ಈ ಅಂತರವೆಂದರೆ ಹತ್ತಿರ ಹತ್ತಿರ 25 ಕೋಟಿ ಜನ. ಇವರು ನಗರದಲ್ಲೇ ಮಲಗಿ ಏಳುತ್ತಾರೆ, ಅಲ್ಲೇ ಕಾರ್ಖಾನೆಗೆ ಹೋಗುತ್ತಾರೆ, ಕಟ್ಟಡ ಕಟ್ಟುತ್ತಾರೆ, ಮನೆ ಮನೆಗೆ ಊಟದ ಪೊಟ್ಟಣ ಮುಟ್ಟಿಸುತ್ತಾರೆ. ಕಾಗದದ ಮೇಲೆ ಮಾತ್ರ ಬೇರೆಲ್ಲೋ ಇರುವ ಹಳ್ಳಿಯವರು, ಇಲ್ಲವೇ ಬೇರೊಂದು ಊರಿನವರು.

ನಮ್ಮಲ್ಲಿ ಚೀನಾದ ಮಾತು ಬಂದರೆ ಎರಡೇ ಸ್ವರ ಕೇಳುತ್ತವೆ. ಒಂದು ಗಡಿಯ ಸಿಟ್ಟು, ಇನ್ನೊಂದು ಬುಲೆಟ್ ರೈಲು, ಮುಗಿಲು ಮುಟ್ಟುವ ಕಟ್ಟಡಗಳ ಬಗೆಗಿನ ಹೊಟ್ಟೆಕಿಚ್ಚಿನ ಮೆಚ್ಚುಗೆ. ಎರಡರಲ್ಲೂ ಚೀನಾದ ಜನ ಇರುವುದಿಲ್ಲ. ಆ ಸಮಾಜ ಕಳೆದ ಏಳು ದಶಕಗಳಲ್ಲಿ ಹೇಗೆ ಬದಲಾಯಿತು, ಈಗ ಎಲ್ಲಿ ಬಂದು ನಿಂತಿದೆ ಎಂದು ತಿಳಿಯಬೇಕಾದರೆ ಪಕ್ಷದ ಅಧಿವೇಶನಗಳ ಠರಾವುಗಳಿಗಿಂತ ಈ ಹುಕೌ ಎಂಬ ಕುಟುಂಬ ನೋಂದಣಿ ಪುಸ್ತಕ ಹೆಚ್ಚು ಹೇಳುತ್ತದೆ. ಅಂಗೈ ಅಗಲದ, ಕಂದುಗೆಂಪು ರಟ್ಟಿನ ಪುಸ್ತಕ. ಮನೆಯಲ್ಲಿ ಯಾರು ಯಾರು ಇದ್ದಾರೆ, ಯಾವ ಊರಿನವರು ಎಂದು ಬರೆದಿರುತ್ತದೆ. ಅಷ್ಟೇ ಆಗಿದ್ದರೆ ನಮ್ಮ ಪಡಿತರ ಚೀಟಿಯ ಹಾಗೆ ಎಂದು ಸುಮ್ಮನಾಗಬಹುದಿತ್ತು. ಆದರೆ ಮಗು ಯಾವ ಶಾಲೆಗೆ ಸೇರಬಹುದು, ಯಾವ ಪ್ರಾಂತದಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಬರೆಯಬೇಕು, ಆಸ್ಪತ್ರೆಯ ಖರ್ಚಿನಲ್ಲಿ ಎಷ್ಟು ವಾಪಸ್ ಸಿಗುತ್ತದೆ, ಮುಪ್ಪಿನಲ್ಲಿ ಪಿಂಚಣಿ ಎಷ್ಟು, ದೊಡ್ಡ ನಗರದಲ್ಲಿ ಮನೆ ಕೊಳ್ಳಬಹುದೇ ಎಂಬುದೆಲ್ಲ ಈ ಪುಸ್ತಕಕ್ಕೆ ಅಂಟಿಕೊಂಡಿದೆ. 2025ರ ಮೇ ತಿಂಗಳವರೆಗೆ ಮದುವೆ ನೋಂದಣಿಗೂ ಇದನ್ನು ಹಿಡಿದುಕೊಂಡೇ ಹೋಗಬೇಕಿತ್ತು. ಪುಸ್ತಕ ಸಾಮಾನ್ಯವಾಗಿ ಅಪ್ಪ ಅಮ್ಮನ ಬಳಿ ಇರುವುದರಿಂದ ಅವರ ಒಪ್ಪಿಗೆ ಇಲ್ಲದ ಮದುವೆಗಳು ಅಲ್ಲಿಗೇ ನಿಲ್ಲುತ್ತಿದ್ದವು.

ಈ ಹುಕೌ ಕಟ್ಟಳೆ ಹುಟ್ಟಿದ್ದು 1958ರ ಜನವರಿ 9ರಂದು. ಅದಕ್ಕೆ ನಾಲ್ಕು ವರ್ಷ ಮೊದಲು, 1954ರಲ್ಲಿ, ಕಮ್ಯುನಿಸ್ಟ್ ಚೀನಾ ತನ್ನ ಮೊದಲ ಸಂವಿಧಾನದ 90ನೇ ವಿಧಿಯಲ್ಲಿ ಪ್ರಜೆಗಳಿಗೆ ಇಷ್ಟ ಬಂದಲ್ಲಿ ವಾಸಿಸುವ, ಬೇಕಾದಲ್ಲಿಗೆ ಹೋಗುವ ಸ್ವಾತಂತ್ರ್ಯ ಕೊಟ್ಟಿತ್ತು. ಆ ವಿಧಿಯನ್ನು ತೆಗೆಯದೆಯೇ ಹುಕೌ ನಿಯಮಾವಳಿ ಬಂತು. ಸಂವಿಧಾನ ಒಂದು ಹೇಳಿತು, ಪೊಲೀಸ್ ಠಾಣೆ ಇನ್ನೊಂದು ಹೇಳಿತು, ಗೆದ್ದದ್ದು ಠಾಣೆ. 1975ರಲ್ಲಿ ಹೊಸ ಸಂವಿಧಾನ ಬರೆದಾಗ ಆ ಸ್ವಾತಂತ್ರ್ಯವನ್ನು ಸದ್ದಿಲ್ಲದೆ ಕೈಬಿಟ್ಟರು. ಈಗ ಜಾರಿಯಲ್ಲಿರುವ 1982ರ ಸಂವಿಧಾನದಲ್ಲೂ ಅದು ಇಲ್ಲ.

ಸರ್ಕಾರಕ್ಕೆ ಇದು ಏಕೆ ಬೇಕಾಯಿತು? ಮಾವೊ ಕಾಲದ ಯೋಜನೆ ಸರಳವಾಗಿತ್ತು. ಹಳ್ಳಿಯಿಂದ ಧಾನ್ಯವನ್ನು ಅಗ್ಗದ ದರಕ್ಕೆ ಎತ್ತಬೇಕು, ನಗರದ ಕಾರ್ಮಿಕರಿಗೆ ಅಗ್ಗದಲ್ಲಿ ಹಂಚಬೇಕು, ಉಳಿದ ಹಣದಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಬೇಕು. ಹೊಲ ಬಿಟ್ಟು ಎಲ್ಲರೂ ಪಟ್ಟಣ ಸೇರಿಬಿಟ್ಟರೆ ಈ ಲೆಕ್ಕ ಕುಸಿಯುತ್ತದೆ. ಹಾಗಾಗಿ ಇಡೀ ದೇಶದ ಜನರನ್ನು ‘ಕೃಷಿ’ ಮತ್ತು ‘ಕೃಷಿಯೇತರ’ ಎಂದು ಎರಡು ಹೋಳು ಮಾಡಿದರು. ನಗರದವರಿಗೆ ಧಾನ್ಯದ ಚೀಟಿ, ಕೆಲಸ, ಮನೆ, ಆಸ್ಪತ್ರೆ. ಹಳ್ಳಿಯವರಿಗೆ ಸಾಮೂಹಿಕ ಬೇಸಾಯದ ಕಮ್ಯೂನು. ಚೀಟಿ ಇಲ್ಲದವನಿಗೆ ನಗರದ ಸರ್ಕಾರಿ ಅಂಗಡಿಯಲ್ಲಿ ಅನ್ನ ಸಿಗುತ್ತಿರಲಿಲ್ಲ, ಹೀಗಾಗಿ ಬೇಲಿ ಕಾಯಲು ಪೊಲೀಸರೂ ಹೆಚ್ಚು ಬೇಕಾಗಲಿಲ್ಲ. ಮಗುವಿಗೆ ಬರುತ್ತಿದ್ದುದು ತಾಯಿಯ ಹುಕೌ. ತಂದೆಯದನ್ನೂ ಪಡೆಯಬಹುದು ಎಂದಾಗಿದ್ದು 1998ರಲ್ಲಿ. ಅಂದರೆ ಹಳ್ಳಿಯ ಹೆಂಗಸನ್ನು ಮದುವೆಯಾದ ನಗರದ ಗಂಡಸಿನ ಮಕ್ಕಳು ನಲವತ್ತು ವರ್ಷ ಕಾಲ ಹಳ್ಳಿಗರಾಗಿಯೇ ಹುಟ್ಟಿದರು. ಹುಟ್ಟಿನಿಂದ ಬರುವ, ತೊಳೆದರೂ ಹೋಗದ ಅಂತಸ್ತು ಎಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ವರ್ಗರಹಿತ ಸಮಾಜ ಕಟ್ಟಲು ಹೊರಟವರು ಅದನ್ನು ಕಚೇರಿಯ ಮೊಹರು ಹಾಕಿ ಸೃಷ್ಟಿಸಿದರು ಎಂಬುದಷ್ಟೇ ವಿಶೇಷ.

ಕಟ್ಟಳೆ ಬಂದ ವರ್ಷವೇ ಮಾವೊ ಅವರ ‘ಮಹಾ ಮುನ್ನೆಗೆತ’ ಶುರುವಾಯಿತು. ಅದರ ಬೆನ್ನಿಗೆ ಬಂದ ಕ್ಷಾಮದಲ್ಲಿ ಸತ್ತವರ ಸಂಖ್ಯೆ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಬೇರೆ ಬೇರೆ ವಿದ್ವಾಂಸರ ಲೆಕ್ಕದಲ್ಲಿದೆ. ಸತ್ತವರಲ್ಲಿ ಹೆಚ್ಚಿನವರು ಧಾನ್ಯ ಬೆಳೆದವರೇ. ಊರು ಬಿಟ್ಟು ಹೋಗುವ ದಾರಿಯೂ ಅವರಿಗೆ ಮುಚ್ಚಿತ್ತು.

ಅನ್‌ಹುಯಿ ಪ್ರಾಂತದ ಫೆಂಗ್‌ಯಾಂಗ್ ಎಂಬ ಜಿಲ್ಲೆ ಭಿಕ್ಷುಕರಿಗೆ ಹೆಸರಾದ ಸೀಮೆ. ಅಲ್ಲಿನ ಷಿಯಾವೊಗಾಂಗ್ ಹಳ್ಳಿಯ 18 ರೈತರು 1978ರ ಕೊನೆಯಲ್ಲಿ ಒಂದು ರಾತ್ರಿ ಗುಟ್ಟಾಗಿ ಸೇರಿ ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿದರು. ಸಾಮೂಹಿಕ ಹೊಲವನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದನ್ನು ತಾವೇ ಇಟ್ಟುಕೊಳ್ಳುವುದು ಎಂಬುದು ಒಪ್ಪಂದ. ಇದಕ್ಕಾಗಿ ಮುಖಂಡರು ಜೈಲು ಪಾಲಾದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು ಎಂಬ ಮಾತೂ ಅದರಲ್ಲಿತ್ತು. ಪ್ರದರ್ಶನಕ್ಕೆ ಇಟ್ಟಿರುವ ಹಾಳೆ ಅಸಲಿಯೇ ಎಂಬ ತಕರಾರು ಇದೆ. ಆದರೆ ಮರುವರ್ಷದ ಸುಗ್ಗಿ ಅಸಲಿಯಾಗಿತ್ತು. ಪ್ರಾಂತದ ಪಕ್ಷ ಮುಖ್ಯಸ್ಥ ವಾನ್ ಲಿ ಶಿಕ್ಷಿಸುವ ಬದಲು ಕಣ್ಣುಮುಚ್ಚಿ ಕುಳಿತರು, ಆಮೇಲೆ ಬೆಂಬಲಿಸಿದರು. ಬೀಜಿಂಗ್‌ನಲ್ಲಿ ಡೆಂಗ್ ಷಿಯಾವೊಪಿಂಗ್ ಒಪ್ಪಿದರು. 1984ರ ಹೊತ್ತಿಗೆ ಕಮ್ಯೂನುಗಳೇ ಇರಲಿಲ್ಲ.

ಇಲ್ಲಿ ಒಂದು ಕ್ರಮವನ್ನು ಗಮನಿಸಬೇಕು. ಮೊದಲು ಜನ ಕಾನೂನು ಮುರಿದರು. ನಂತರ ಸ್ಥಳೀಯ ಅಧಿಕಾರಿ ನೋಡಿಯೂ ನೋಡದಂತಿದ್ದ. ಕೊನೆಗೆ ಕೇಂದ್ರ ಅದನ್ನು ತನ್ನದೇ ನೀತಿ ಎಂದು ಘೋಷಿಸಿತು. ಚೀನಾದ ಸುಧಾರಣೆಯ ದೊಡ್ಡ ಹೆಜ್ಜೆಗಳಲ್ಲಿ ಬಹಳಷ್ಟು ಈ ಕ್ರಮದಲ್ಲೇ ನಡೆದವು ಎಂಬುದು ನನ್ನ ತಿಳಿವಳಿಕೆ. ಡೆಂಗ್ ಅವರ ದೊಡ್ಡತನ ಇದ್ದದ್ದು ಹೊಸದನ್ನು ಹುಟ್ಟಿಸಿದ್ದರಲ್ಲಿ ಅಲ್ಲ, ಹುಟ್ಟಿದ್ದನ್ನು ಚಿವುಟದೆ ಬಿಟ್ಟದ್ದರಲ್ಲಿ.

ಹೊಲ ಹಂಚಿಕೆಯಾದ ಮೇಲೆ ಎಲ್ಲರ ಕೈಗೂ ಅಲ್ಲಿ ಕೆಲಸವಿರಲಿಲ್ಲ. ಜನ ಹೊರಟರು. 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಶೆನ್‌ಝೆನ್ ಅವರನ್ನು ಕರೆಯುತ್ತಿತ್ತು. 1984ರಲ್ಲಿ ಸರ್ಕಾರ ‘ನಿಮ್ಮ ಅಕ್ಕಿ ನೀವೇ ತಂದುಕೊಳ್ಳುವುದಾದರೆ ಸಣ್ಣ ಪೇಟೆಗಳಲ್ಲಿ ಇರಬಹುದು’ ಎಂದಿತು. 1985ರಲ್ಲಿ ತಾತ್ಕಾಲಿಕ ವಾಸದ ಚೀಟಿ ಬಂತು. 1993ರಲ್ಲಿ ಧಾನ್ಯದ ಚೀಟಿಗಳೇ ಹೋದವು. ಈಗ ಹಣವಿದ್ದವನು ಎಲ್ಲಿ ಬೇಕಾದರೂ ಉಣ್ಣಬಹುದಿತ್ತು. ಆಗಿನಿಂದ ನಡೆದ ಗುಳೆಯನ್ನು ಮನುಷ್ಯ ಇತಿಹಾಸದ ಅತಿ ದೊಡ್ಡ ಗುಳೆ ಎಂದು ಕರೆಯುವುದರಲ್ಲಿ ಉತ್ಪ್ರೇಕ್ಷೆ ಇಲ್ಲ. 2020ರ ಜನಗಣತಿಯಲ್ಲಿ ಹುಕೌ ಇರುವ ಊರು ಬಿಟ್ಟು ಬೇರೆಡೆ ಇದ್ದವರು 37 ಕೋಟಿಗೂ ಹೆಚ್ಚು. ಶೆನ್‌ಝೆನ್ ಒಂದರಲ್ಲೇ 1.75 ಕೋಟಿ ಜನ. ಅವರಲ್ಲಿ ಅಲ್ಲಿನ ಹುಕೌ ಇದ್ದವರು ಮೂರನೇ ಒಂದು ಪಾಲಿನಷ್ಟು.

ಅವರನ್ನು ಒಳಗೆ ಬಿಟ್ಟುಕೊಂಡ ರೀತಿಯಲ್ಲೇ ಚೀನಾದ ಪವಾಡದ ಗುಟ್ಟಿದೆ. ದುಡಿಯಲು ಬನ್ನಿ, ಉಳಿಯಲು ಬೇಡ. ಕಾರ್ಖಾನೆಗೆ ಹದಿನೆಂಟರ ಹುಡುಗಿ ಬೇಕು, ಅವಳ ಓದಿಗೆ ಖರ್ಚು ಮಾಡಿದ್ದು ಹಳ್ಳಿ. ಎಂಟು ಜನರ ಕೋಣೆಯಲ್ಲಿ ಒಂದು ಮಂಚ ಕೊಟ್ಟರೆ ವಸತಿ ಮುಗಿಯಿತು. ಮದುವೆ, ಹೆರಿಗೆ, ಮಗುವಿನ ಶಾಲೆ, ಕಾಯಿಲೆ, ಮುಪ್ಪು ಎಲ್ಲ ಮತ್ತೆ ಹಳ್ಳಿಯ ಲೆಕ್ಕಕ್ಕೆ. ಹೀಗೆ ಒಬ್ಬ ಕಾರ್ಮಿಕಳ ಬದುಕಿನ ಅತಿ ಲಾಭದ ಹತ್ತು ಹದಿನೈದು ವರ್ಷಗಳನ್ನಷ್ಟೇ ಕತ್ತರಿಸಿ ತೆಗೆದುಕೊಳ್ಳಲು ಹುಕೌ ಅನುವು ಮಾಡಿಕೊಟ್ಟಿತು. ಜಗತ್ತಿನ ಅಂಗಡಿಗಳಲ್ಲಿ ಚೀನಾದ ಸರಕು ಅಗ್ಗವಾಗಿದ್ದಕ್ಕೆ ರಸ್ತೆ, ಬಂದರು, ಶಿಸ್ತು ಎಲ್ಲ ಕಾರಣವೇ; ಆದರೆ ಈ ಕಾರಣವನ್ನು ಕೈಗಾರಿಕಾ ಸಮಾವೇಶಗಳಲ್ಲಿ ಯಾರೂ ಹೇಳುವುದಿಲ್ಲ. ಫಾಕ್ಸ್‌ಕಾನ್ ಈಗ ನಮ್ಮ ದೇವನಹಳ್ಳಿಯ ಬಳಿಯೂ ಐಫೋನ್ ಜೋಡಿಸುತ್ತಿದೆ. ಅದೇ ಕಂಪನಿಯ ಶೆನ್‌ಝೆನ್ ಕಾರ್ಖಾನೆಯಲ್ಲಿ 2010ರಲ್ಲಿ ಹಳ್ಳಿಗಳಿಂದ ಬಂದ ಯುವ ಕಾರ್ಮಿಕರು ಒಬ್ಬರ ಹಿಂದೆ ಒಬ್ಬರು ಮಹಡಿಯಿಂದ ಹಾರಿ ಸತ್ತಾಗ ವಸತಿ ಕಟ್ಟಡಗಳ ಸುತ್ತ ಬಲೆ ಕಟ್ಟಲಾಯಿತು. ಕೂಲಿಯನ್ನೂ ಏರಿಸಿದರು ಎನ್ನುವುದನ್ನು ಸೇರಿಸಿ ಹೇಳಬೇಕು.

ಹಳ್ಳಿಯ ಲೆಕ್ಕಕ್ಕೆ ಬಿದ್ದದ್ದು ಏನು ಎಂಬುದನ್ನು ಹಳ್ಳಿಗೆ ಹೋಗಿಯೇ ನೋಡಬೇಕು. ಅಪ್ಪ ಅಮ್ಮ ಇಬ್ಬರೂ ಅಥವಾ ಒಬ್ಬರು ಗುಳೆ ಹೋಗಿ ಅಜ್ಜ ಅಜ್ಜಿಯರ ಕೈಯಲ್ಲಿ ಬೆಳೆಯುವ ಮಕ್ಕಳ ಸಂಖ್ಯೆ 6 ಕೋಟಿಗೂ ಹೆಚ್ಚು ಎಂದು ಅಖಿಲ ಚೀನಾ ಮಹಿಳಾ ಒಕ್ಕೂಟ 2013ರಲ್ಲಿ ಅಂದಾಜಿಸಿತ್ತು. ಅವರು ತಂದೆ ತಾಯಿಯನ್ನು ನೋಡುವುದು ಹೊಸವರ್ಷದ ಹಬ್ಬಕ್ಕೆ. ಗುಯಿಝೌ ಪ್ರಾಂತದ ಬಿಜಿಯೆಯಲ್ಲಿ 2012ರ ನವೆಂಬರಿನ ಚಳಿಯಲ್ಲಿ ಐವರು ಹುಡುಗರು ಬೀದಿಯ ಕಸದ ತೊಟ್ಟಿಯೊಳಗೆ ಬೆಂಕಿ ಹಾಕಿಕೊಂಡು ಮಲಗಿ ಹೊಗೆಗೆ ಉಸಿರುಗಟ್ಟಿ ಸತ್ತರು. ದೇಶ ಬೆಚ್ಚಿತು, ಕೆಲವು ಅಧಿಕಾರಿಗಳ ಕೆಲಸ ಹೋಯಿತು.

ಮಕ್ಕಳನ್ನು ಜೊತೆಗೇ ಕರೆದೊಯ್ಯಬಹುದಲ್ಲವೇ ಎಂದು ಕೇಳಬಹುದು. ಒಯ್ಯುವವರು ಇದ್ದಾರೆ. ಆದರೆ ‘ಗಾವೊಕಾವೊ’ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಹತ್ತಿರ ಬಂದಾಗ ಆಟ ಮುಗಿಯುತ್ತದೆ. ಸೀಟುಗಳ ಹಂಚಿಕೆ ಪ್ರಾಂತವಾರು, ಬೀಜಿಂಗ್ ಶಾಂಘೈಗಳಲ್ಲಿ ಪರೀಕ್ಷೆ ಬರೆಯಬೇಕಾದರೆ ಸಾಮಾನ್ಯವಾಗಿ ಅಲ್ಲಿನ ಹುಕೌ ಬೇಕು. 2024ರಲ್ಲಿ ಹೆನಾನ್ ಪ್ರಾಂತವೊಂದರಿಂದಲೇ 13 ಲಕ್ಷಕ್ಕೂ ಹೆಚ್ಚು ಮಕ್ಕಳು ಪರೀಕ್ಷೆಗೆ ನೋಂದಾಯಿಸಿದ್ದರು. ಬೀಜಿಂಗ್‌ನಲ್ಲಿ ಒಂದು ಲಕ್ಷವೂ ಇಲ್ಲ. ದೇಶದ ಎರಡು ಅತ್ಯುತ್ತಮ ವಿಶ್ವವಿದ್ಯಾಲಯಗಳು, ಪೀಕಿಂಗ್ ಮತ್ತು ಚಿಂಗ್‌ಹುವಾ, ಇರುವುದು ಬೀಜಿಂಗ್‌ನಲ್ಲಿ, ಅವು ಅಲ್ಲಿನ ಮಕ್ಕಳಿಗೆ ಜನಸಂಖ್ಯೆಗೆ ಮೀರಿದ ಪಾಲು ಕೊಡುತ್ತವೆ. ಬೀಜಿಂಗ್‌ನಲ್ಲೇ ಹುಟ್ಟಿ ಬೆಳೆದ ಹೆನಾನ್ ಹುಕೌದ ಹುಡುಗ ಹದಿನೈದರ ವಯಸ್ಸಿಗೆ ತಾನು ಕಂಡರಿಯದ ಊರಿಗೆ ಹಿಂದಿರುಗಿ, ಆ 13 ಲಕ್ಷ ಮಂದಿಯ ಸಾಲಿನಲ್ಲಿ ನಿಲ್ಲಬೇಕು.

ಈ ವ್ಯವಸ್ಥೆಯ ಕ್ರೌರ್ಯ ಒಮ್ಮೆ ಎಲ್ಲರ ಕಣ್ಣಿಗೂ ಬಿತ್ತು. ಅದು 2003ರ ಮಾರ್ಚ್. ಹುಬೆ ಪ್ರಾಂತದ 27 ವರ್ಷದ ಪದವೀಧರ ಸುನ್ ಝಿಗಾಂಗ್ ಗುವಾಂಗ್‌ಝೌ ನಗರದ ಬಟ್ಟೆ ಕಂಪನಿಯೊಂದರಲ್ಲಿ ವಿನ್ಯಾಸಕಾರನಾಗಿ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಹೊರಗೆ ಹೊರಟಾಗ ಪೊಲೀಸರು ತಡೆದರು. ತಾತ್ಕಾಲಿಕ ವಾಸದ ಚೀಟಿ ಇನ್ನೂ ಆಗಿರಲಿಲ್ಲ. ಚೀಟಿ ಇಲ್ಲದವರನ್ನು ಹಿಡಿದಿಟ್ಟು ಊರಿಗೆ ಅಟ್ಟಲು 1982ರ ನಿಯಮವೊಂದಿತ್ತು. ಮೂರು ದಿನಗಳಲ್ಲಿ ಅವನು ಹೆಣವಾಗಿದ್ದ, ಹೊಡೆದು ಕೊಂದಿದ್ದರು. ‘ಸದರ್ನ್ ಮೆಟ್ರೊಪೊಲಿಸ್ ಡೈಲಿ’ ಪತ್ರಿಕೆ ಏಪ್ರಿಲ್ 25ರಂದು ಅದನ್ನು ಬಯಲಿಗೆ ತಂದಿತು. ಮೂವರು ಯುವ ಕಾನೂನು ವಿದ್ವಾಂಸರು ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ರಾಷ್ಟ್ರೀಯ ಜನತಾ ಕಾಂಗ್ರೆಸ್ಸಿಗೆ ಬರೆದರು. ಪ್ರಧಾನಿ ವೆನ್ ಜಿಯಾಬಾವೊ ಅವರ ಸರ್ಕಾರ ಜೂನ್‌ನಲ್ಲಿ ನಿಯಮವನ್ನು ಕಿತ್ತುಹಾಕಿತು. ಒಂದು ಸಾವು, ಒಂದು ಪತ್ರಿಕೆ, ಒಂದು ಮನವಿ. ಮೂರು ತಿಂಗಳಲ್ಲಿ ಕಾನೂನು ಹೋಯಿತು. ಚೀನಾ ಬದಲಾಗುತ್ತದೆ ಎಂದು ಆ ವರ್ಷ ನಂಬಿದವರು ಮೂರ್ಖರಾಗಿರಲಿಲ್ಲ.

ಮುಂದಿನದ್ದನ್ನೂ ಹೇಳಬೇಕು. ಪತ್ರಿಕೆಯ ಸಂಪಾದಕ ಚೆಂಗ್ ಯಿಝೊಂಗ್ ಅವರನ್ನು 2004ರಲ್ಲಿ ಹಣಕಾಸಿನ ಆರೋಪದ ಮೇಲೆ ತಿಂಗಳುಗಟ್ಟಲೆ ಬಂಧನದಲ್ಲಿಟ್ಟು ಬಿಟ್ಟರು. ಮನವಿ ಬರೆದವರಲ್ಲೊಬ್ಬರಾದ ಷು ಝಿಯೊಂಗ್, ವಲಸಿಗರ ಮಕ್ಕಳಿಗೆ ಇದ್ದ ಊರಲ್ಲೇ ಗಾವೊಕಾವೊ ಬರೆಯುವ ಹಕ್ಕು ಕೊಡಿ ಎಂದು ತಂದೆ ತಾಯಂದಿರನ್ನು ಸಂಘಟಿಸಿದರು. ಅಧಿಕಾರಿಗಳು ಆಸ್ತಿ ಘೋಷಿಸಲಿ ಎಂದೂ ಕೇಳಿದರು. 2014ರಲ್ಲಿ ಅವರಿಗೆ ನಾಲ್ಕು ವರ್ಷ ಜೈಲಾಯಿತು. 2023ರಲ್ಲಿ ಮತ್ತೆ 14 ವರ್ಷ.

ಹಳ್ಳಿಯ ಕಾಲು ಇನ್ನೊಂದು ಕಡೆಯಿಂದಲೂ ಜಾರುತ್ತಿತ್ತು. 1994ರ ತೆರಿಗೆ ಸುಧಾರಣೆ ಆದಾಯದ ದೊಡ್ಡ ಪಾಲನ್ನು ಬೀಜಿಂಗ್‌ಗೆ ಒಯ್ದು ಶಾಲೆ, ಆಸ್ಪತ್ರೆ, ರಸ್ತೆಯ ಹೊಣೆಯನ್ನು ಸ್ಥಳೀಯ ಸರ್ಕಾರಗಳ ತಲೆಯ ಮೇಲೆಯೇ ಬಿಟ್ಟಿತು. ಅವು ಹಣ ಕಂಡುಕೊಂಡದ್ದು ಭೂಮಿಯಲ್ಲಿ. ಹಳ್ಳಿಯ ನೆಲ ಸಾಮೂಹಿಕ ಒಡೆತನದ್ದು, ರೈತ ಅದನ್ನು ನೇರವಾಗಿ ಬಿಲ್ಡರ್‌ಗೆ ಮಾರುವಂತಿಲ್ಲ. ಸರ್ಕಾರವೇ ಬೆಳೆಯ ಲೆಕ್ಕದಲ್ಲಿ ಪರಿಹಾರ ಕೊಟ್ಟು ವಶಪಡಿಸಿಕೊಂಡು, ನಗರದ ದರಕ್ಕೆ ಹರಾಜು ಹಾಕುತ್ತಿತ್ತು. 1998ರಲ್ಲಿ ಸರ್ಕಾರಿ ಮನೆ ಹಂಚಿಕೆ ನಿಂತ ಮೇಲೆ ಇಡೀ ಮಧ್ಯಮವರ್ಗ ಫ್ಲ್ಯಾಟಿನ ಹಿಂದೆ ಬಿತ್ತು. 2021ರಲ್ಲಿ ಸ್ಥಳೀಯ ಸರ್ಕಾರಗಳ ಭೂಮಿ ಆದಾಯ 8.7 ಲಕ್ಷ ಕೋಟಿ ಯುವಾನ್ ಮುಟ್ಟಿತು. ರೈತನ ನೆಲದ ಮೇಲೆ, ರೈತನ ಮಗ ಇಟ್ಟಿಗೆ ಹೊತ್ತು ಕಟ್ಟಿದ ಮನೆ ರೈತನ ಮಗನಿಗೆ ಎಟುಕಲಿಲ್ಲ. ಗುವಾಂಗ್‌ಡಾಂಗ್‌ನ ವುಕಾನ್ ಹಳ್ಳಿ 2011ರಲ್ಲಿ ಈ ಭೂಕಬಳಿಕೆಯ ವಿರುದ್ಧ ಎದ್ದು ಅಧಿಕಾರಿಗಳನ್ನೇ ಊರಾಚೆ ಅಟ್ಟಿತು. ಪ್ರಾಂತೀಯ ಸರ್ಕಾರ ಮಣಿದು ಮರುವರ್ಷ ಮುಕ್ತ ಚುನಾವಣೆಗೆ ಒಪ್ಪಿತು. ಹಾಗೆ ಆರಿಸಿ ಬಂದ ಮುಖ್ಯಸ್ಥನನ್ನು 2016ರಲ್ಲಿ ಲಂಚದ ಆರೋಪದ ಮೇಲೆ ಜೈಲಿಗೆ ಹಾಕಿದರು. 2006ರಲ್ಲಿ ಭೂಕಂದಾಯ ರದ್ದಾದದ್ದನ್ನು ನಾನು ಮರೆತಿಲ್ಲ. ಎರಡೂವರೆ ಸಾವಿರ ವರ್ಷಗಳಿಂದ ಒಂದಲ್ಲ ಒಂದು ರೂಪದಲ್ಲಿ ರೈತ ಕಟ್ಟುತ್ತ ಬಂದಿದ್ದ ತೆರಿಗೆ ಅದು, ರದ್ದು ಮಾಡಿದ್ದು ದೊಡ್ಡ ಮಾತೇ. ಕಡುಬಡತನ ಅಳಿದದ್ದೂ ಸುಳ್ಳಲ್ಲ. ವಿಶ್ವಬ್ಯಾಂಕ್ ಲೆಕ್ಕದಲ್ಲಿ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಅದರಿಂದ ಹೊರಬಂದರು. ಆದರೂ 2020ರ ಮೇ ತಿಂಗಳಲ್ಲಿ ಪ್ರಧಾನಿ ಲಿ ಕೆಚಿಯಾಂಗ್ ಪತ್ರಿಕಾಗೋಷ್ಠಿಯಲ್ಲಿ, ದೇಶದ 60 ಕೋಟಿ ಜನರ ತಿಂಗಳ ವರಮಾನ ಸುಮಾರು 1,000 ಯುವಾನ್ ಮಾತ್ರ ಎಂದು ಹೇಳಿ ತಮ್ಮದೇ ಪ್ರಚಾರ ಇಲಾಖೆಯನ್ನು ಪೇಚಿಗೆ ಸಿಕ್ಕಿಸಿದರು.

2012ರ ಕೊನೆಯಲ್ಲಿ ಷಿ ಜಿನ್‌ಪಿಂಗ್ ಪಕ್ಷದ ಚುಕ್ಕಾಣಿ ಹಿಡಿದರು. ಹಳ್ಳಿ ಎಂದರೇನು ಎಂಬುದು ಅವರಿಗೆ ಗೊತ್ತಿಲ್ಲವೆನ್ನುವಂತಿಲ್ಲ. ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಳ್ಳಿಗೆ ಅಟ್ಟಿಸಿಕೊಂಡ ಒಂದೂವರೆ ಕೋಟಿಗೂ ಹೆಚ್ಚು ನಗರದ ಯುವಕರಲ್ಲಿ ಅವರೂ ಒಬ್ಬರು. 1969ರಿಂದ ಏಳು ವರ್ಷ ಷಾನ್‌ಷಿ ಪ್ರಾಂತದ ಲಿಯಾಂಗ್‌ಜಿಯಾಹೆಯ ಗುಹೆಮನೆಗಳಲ್ಲಿ ಇದ್ದವರು. ಅವರ ಕಾಲದಲ್ಲಿ ಹುಕೌ ಸುಧಾರಣೆಯ ಕಡತಗಳು ಕಡಿಮೆಯೇನೂ ಅಲ್ಲ. 2014ರಲ್ಲಿ ಕೃಷಿ, ಕೃಷಿಯೇತರ ಎಂಬ ವಿಂಗಡಣೆಯನ್ನೇ ಅಳಿಸುವ ತೀರ್ಮಾನವಾಯಿತು. ಒಂದೇ ಮಗು ಎಂಬ ನಿಯಮ ಮೀರಿ ಹುಟ್ಟಿದ್ದರಿಂದ, ಇನ್ನಿತರ ಕಾರಣಗಳಿಂದ ಯಾವ ಪುಸ್ತಕದಲ್ಲೂ ಹೆಸರಿಲ್ಲದೆ ಉಳಿದಿದ್ದ ಸುಮಾರು 1.3 ಕೋಟಿ ಜನರನ್ನು ನೋಂದಾಯಿಸಲು 2016ರ ಆರಂಭದಲ್ಲಿ ಆದೇಶ ಹೊರಟಿತು. ಶಾಲೆಯಿಲ್ಲದೆ, ಗುರುತಿನ ಚೀಟಿಯಿಲ್ಲದೆ, ರೈಲಿನ ಟಿಕೆಟ್ ಸಹ ಕೊಳ್ಳಲಾಗದೆ ಇದ್ದವರು ಇವರು. ಈ ಒಂದು ಕೆಲಸಕ್ಕೆ ಷಿ ಸರ್ಕಾರವನ್ನು ಮನಸಾರೆ ಮೆಚ್ಚಬೇಕು.

ಆದರೆ ಬಾಗಿಲು ತೆರೆದದ್ದು ಸಣ್ಣ ಊರುಗಳಲ್ಲಿ. 2024ರ ಐದು ವರ್ಷಗಳ ಯೋಜನೆಯಲ್ಲೂ 30 ಲಕ್ಷಕ್ಕಿಂತ ಕಡಿಮೆ ಜನರಿರುವ ನಗರಗಳಲ್ಲಿ ನಿರ್ಬಂಧ ಪೂರ್ತಿ ತೆಗೆಯುವ ಮಾತಿದೆ. ಅಲ್ಲಿ ಕೆಲಸವಿಲ್ಲ, ಹಾಗಾಗಿ ಹುಕೌ ಕೊಡುತ್ತೇವೆಂದರೂ ಓಡಿ ಬರುವವರಿಲ್ಲ. ಊರಿನ ಹೊಲದ ಹಕ್ಕು, ಮನೆಯ ನಿವೇಶನ ಕೈತಪ್ಪೀತು ಎಂಬ ಭಯ ಬೇರೆ. ಕೆಲಸವಿರುವ ಬೀಜಿಂಗ್, ಶಾಂಘೈಗಳು ಜನಸಂಖ್ಯೆಗೆ ಮಿತಿ ಹಾಕಿಕೊಂಡು ಕುಳಿತಿವೆ. ಬೀಜಿಂಗ್ 2018ರಿಂದ ಪದವಿ, ತೆರಿಗೆ, ವಯಸ್ಸು ಅಳೆದು ಅಂಕ ಹಾಕಿ ವರ್ಷಕ್ಕೆ ಸುಮಾರು 6,000 ಮಂದಿಗೆ ಹುಕೌ ಕೊಡುತ್ತದೆ. ಎರಡು ಕೋಟಿಗೂ ಮೀರಿದ ಊರಲ್ಲಿ ಆರು ಸಾವಿರ! ಅದಕ್ಕೂ ಮುಂಚಿನ ವರ್ಷ, 2017ರ ನವೆಂಬರ್ 18ರಂದು, ಬೀಜಿಂಗ್ ಅಂಚಿನ ಡಾಷಿಂಗ್‌ನಲ್ಲಿ ವಲಸಿಗರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 19 ಜನ ಸತ್ತರು, ಎಂಟು ಮಕ್ಕಳೂ ಸೇರಿ. ಸುರಕ್ಷತೆಯ ಹೆಸರಲ್ಲಿ ಆಡಳಿತ ಮಾಡಿದ್ದೇನೆಂದರೆ, ಅಂಥ ಬಡಾವಣೆಗಳಿಂದ ಸಾವಿರಾರು ಜನರನ್ನು ಕೆಲವೇ ದಿನಗಳ, ಕೆಲವೆಡೆ ಕೆಲವೇ ಗಂಟೆಗಳ ಗಡುವು ಕೊಟ್ಟು ಕೊರೆಯುವ ಚಳಿಗೆ ಹೊರಹಾಕಿದ್ದು. ‘ಕೆಳದರ್ಜೆಯ ಜನಸಂಖ್ಯೆ’ ಎಂಬ ಸರ್ಕಾರಿ ಕಡತಗಳ ಮಾತು ಆಗ ಜನರ ಬಾಯಿಗೆ ಬಿತ್ತು. ಜನ ಸಿಟ್ಟಾದಾಗ ಅಂತರ್ಜಾಲದಲ್ಲಿ ಆ ಮಾತನ್ನೇ ಅಳಿಸಿದರು.

ನನ್ನ ಮಟ್ಟಿಗೆ ಈ ಕಾಲದ ನಿಜವಾದ ಬದಲಾವಣೆ ಇದು: ಜನ ಮುಂದೆ ಹೋಗಿ ಕಾನೂನು ಹಿಂದೆ ಬರುವ ಆ ಹಳೆಯ ದಾರಿಯನ್ನು ಮುಚ್ಚಲಾಗಿದೆ. 2018ರಲ್ಲಿ ಅಧ್ಯಕ್ಷರ ಅವಧಿ ಮಿತಿ ತೆಗೆದದ್ದಕ್ಕೆ ಜಗತ್ತಿನ ಪತ್ರಿಕೆಗಳು ಹೆಚ್ಚು ಜಾಗ ಕೊಟ್ಟವು. ಅದೇ ವರ್ಷ ಶೆನ್‌ಝೆನ್‌ನ ಜಾಸಿಕ್ ಕಾರ್ಖಾನೆಯಲ್ಲಿ ಕಾರ್ಮಿಕರು ಸಂಘ ಕಟ್ಟಲು ಹೊರಟಾಗ ಬೆಂಬಲಕ್ಕೆ ಬಂದ ವಿದ್ಯಾರ್ಥಿಗಳನ್ನು ಬಂಧಿಸಿದ್ದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅವರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಮಾರ್ಕ್ಸ್‌ವಾದಿ ಬಳಗದವರೂ ಇದ್ದರು. ಪಠ್ಯದಲ್ಲಿ ಕಲಿಸಿದ ಮಾರ್ಕ್ಸ್‌ನನ್ನು ಕಾರ್ಖಾನೆಯ ಬಾಗಿಲಿಗೆ ತಂದದ್ದೇ ಅವರ ತಪ್ಪು. ಕಣ್ಣುಮುಚ್ಚಿ ಕೂರುವ ವಾನ್ ಲಿಯಂಥ ಅಧಿಕಾರಿ ಇಂದು ಇದ್ದರೆ ಅವನ ಕುರ್ಚಿ ಉಳಿಯುವುದು ಕಷ್ಟ.

ಒಂದು ಅಪವಾದವುಂಟು. 2022ರ ನವೆಂಬರ್ ಕೊನೆಯಲ್ಲಿ, ದಿಗ್ಬಂಧನದಲ್ಲಿದ್ದ ಉರುಮ್ಚಿ ನಗರದ ಕಟ್ಟಡವೊಂದರ ಬೆಂಕಿಯಲ್ಲಿ ಹತ್ತು ಜನ ಸತ್ತಾಗ ಕೋವಿಡ್ ದಿಗ್ಬಂಧನದಿಂದ ರೋಸಿಹೋಗಿದ್ದ ಜನ ಖಾಲಿ ಬಿಳಿ ಹಾಳೆ ಹಿಡಿದು ಬೀದಿಗೆ ಬಂದರು. ಆ ಹೊತ್ತಿಗಾಗಲೇ ಐಫೋನ್ ತಯಾರಾಗುವ ಝೆಂಗ್‌ಝೌ ಕಾರ್ಖಾನೆಯಿಂದ ಕಾರ್ಮಿಕರು ಬೇಲಿ ಹಾರಿ ಹೆದ್ದಾರಿ, ಹೊಲಗಳ ಮೂಲಕ ಊರಿಗೆ ನಡೆದುಹೋಗಿದ್ದರು. ಡಿಸೆಂಬರ್ 7ರಂದು ಸರ್ಕಾರ ‘ಶೂನ್ಯ ಕೋವಿಡ್’ ನೀತಿಯನ್ನು ಬಹುತೇಕ ಕೈಬಿಟ್ಟಿತು. ಪ್ರತಿಭಟನೆಗೆ ಮಣಿದೆವು ಎಂದು ಯಾರೂ ಹೇಳಲಿಲ್ಲ. ಹಾಳೆ ಹಿಡಿದವರಲ್ಲಿ ಹಲವರನ್ನು ಮುಂದಿನ ವಾರಗಳಲ್ಲಿ ಒಬ್ಬೊಬ್ಬರಾಗಿ ಕರೆದೊಯ್ದರು.

ಅಲ್ಲಿಂದೀಚೆಗೆ ಆರ್ಥಿಕತೆಯ ಮುಖ ಕಳೆಗುಂದಿದೆ. ಬಿಲ್ಡರ್‌ಗಳ ಸಾಲಕ್ಕೆ 2020ರಲ್ಲಿ ಸರ್ಕಾರ ‘ಮೂರು ಕೆಂಪು ಗೆರೆ’ ಎಳೆಯಿತು. ಮರುವರ್ಷವೇ 300 ಶತಕೋಟಿ ಡಾಲರ್‌ಗೂ ಮೀರಿದ ಹೊಣೆ ಹೊತ್ತಿದ್ದ ಎವರ್‌ಗ್ರಾಂಡ್ ಕಂಪನಿ ಸಾಲದ ಕಂತು ತಪ್ಪಿತು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಅದನ್ನು ಮುಚ್ಚಲು ಆದೇಶಿಸಿತು. ಮುಂಗಡ ಕೊಟ್ಟು, ಕಂತು ಕಟ್ಟುತ್ತ, ಮುಗಿಯದ ಫ್ಲ್ಯಾಟಿಗಾಗಿ ಕಾದವರು 2022ರಲ್ಲಿ ನೂರಾರು ಕಡೆ ಇನ್ನು ಕಂತು ಕಟ್ಟುವುದಿಲ್ಲ ಎಂದು ಕೂತರು. ಭೂಮಿ ಆದಾಯ 2024ಕ್ಕೆ 5 ಲಕ್ಷ ಕೋಟಿ ಯುವಾನ್‌ಗಿಂತ ಕೆಳಗಿಳಿಯಿತು. 2023ರ ಜೂನ್‌ನಲ್ಲಿ ನಗರದ ಯುವಕರ ನಿರುದ್ಯೋಗ ಶೇ 21.3 ಆದಾಗ ಸರ್ಕಾರ ಆ ಅಂಕಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು, ಆರು ತಿಂಗಳ ನಂತರ ವಿದ್ಯಾರ್ಥಿಗಳನ್ನು ಲೆಕ್ಕದಿಂದ ಬಿಟ್ಟು ಶೇ 14.9 ಎಂದು ಹೊಸದಾಗಿ ಶುರುಮಾಡಿತು. ಓಟವೇ ಬೇಡ, ಅಂಗಾತ ಮಲಗಿಬಿಡೋಣ ಎಂಬ ಹುಡುಗರ ಮಾತು 2021ರಲ್ಲಿ ಹರಡಿದಾಗ ಪಕ್ಷದ ಪತ್ರಿಕೆಗಳು ಬೈದವು. ಬೈದರೆ ಯಾರು ಏಳುತ್ತಾರೆ? 2016ರಲ್ಲಿ 1.78 ಕೋಟಿ ಮಕ್ಕಳು ಹುಟ್ಟಿದ್ದ ದೇಶದಲ್ಲಿ 2023ರಲ್ಲಿ ಹುಟ್ಟಿದ್ದು 90 ಲಕ್ಷ. ಒಂದೇ ಮಗು ಎಂದು ಮೂವತ್ತೈದು ವರ್ಷ ದಂಡ ಹಾಕಿದವರು 2021ರಿಂದ ಮೂರು ಹೆರಿ ಎನ್ನುತ್ತಿದ್ದಾರೆ.

ರಫ್ತಿನ ಮೇಲೆ, ಕಟ್ಟಡದ ಮೇಲೆ ನಿಂತ ಆರ್ಥಿಕತೆ ಇನ್ನು ಜನರ ಖರ್ಚಿನ ಮೇಲೆ ನಿಲ್ಲಬೇಕು ಎಂದು ಬೀಜಿಂಗ್ ಹೇಳುತ್ತಲೇ ಇದೆ. ಮನೆಮನೆಯ ಬಳಕೆ ದೇಶದ ಒಟ್ಟು ಉತ್ಪನ್ನದ ಶೇ 40ರಷ್ಟು ಮಾತ್ರ. ನಮ್ಮಲ್ಲಿ ಅದು ಶೇ 60ರ ಹತ್ತಿರ. ಆದರೆ ಖರ್ಚು ಮಾಡಬೇಕಾದವರು ಯಾರು? ಮಗುವಿನ ಶಾಲೆ ಎಲ್ಲೋ, ಆಸ್ಪತ್ರೆಯ ಹಣ ಸಿಗುವುದೋ ಇಲ್ಲವೋ, ನಾಳೆ ಈ ಕೋಣೆಯಿಂದ ಎಬ್ಬಿಸಿದರೆ ಎಲ್ಲಿಗೆ ಎಂದು ತಿಳಿಯದ ಮನುಷ್ಯ ದುಡ್ಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಅಂದು ಸರಕನ್ನು ಅಗ್ಗವಾಗಿಸಿದ ಹುಕೌ ಇಂದು ಆ ಸರಕಿಗೆ ಗಿರಾಕಿ ಹುಟ್ಟದಂತೆ ಮಾಡಿದೆ. ಚೀನಾದ ಅರ್ಥಶಾಸ್ತ್ರಜ್ಞರೇ ಇದನ್ನು ವರ್ಷಗಳಿಂದ ಬರೆಯುತ್ತಿದ್ದಾರೆ. ತಡೆಯಾಗಿರುವುದು ತಿಳಿವಳಿಕೆಯ ಕೊರತೆಯಲ್ಲ. ಬಾಗಿಲು ತೆರೆದರೆ ಖರ್ಚು ಹೊರಬೇಕಾದದ್ದು ದಿವಾಳಿಯ ಅಂಚಿನಲ್ಲಿರುವ ಸ್ಥಳೀಯ ಸರ್ಕಾರಗಳು. ಸೀಟು ಹಂಚಿಕೊಳ್ಳಬೇಕಾದದ್ದು ಬೀಜಿಂಗ್, ಶಾಂಘೈಗಳ ಮಧ್ಯಮವರ್ಗ. ಈ ಎರಡನೆಯವರನ್ನು ಕೆಣಕಲು ಇಷ್ಟು ಬಲವಾದ ಪಕ್ಷಕ್ಕೂ ಧೈರ್ಯವಿಲ್ಲ.

ಈ ನಡುವೆ ಎಂಬತ್ತು ತೊಂಬತ್ತರ ದಶಕದಲ್ಲಿ ಗಂಟು ಕಟ್ಟಿಕೊಂಡು ಶೆನ್‌ಝೆನ್ ರೈಲು ಹತ್ತಿದ ಹುಡುಗ ಹುಡುಗಿಯರು ಮುದುಕರಾಗುತ್ತಿದ್ದಾರೆ. ವಲಸೆ ಕಾರ್ಮಿಕರಲ್ಲಿ ಐವತ್ತು ದಾಟಿದವರು ಈಗ ಹತ್ತರಲ್ಲಿ ಮೂವರು. ನಗರದ ಕಂಪನಿಗಳಿಂದ ನಿವೃತ್ತರಾದವರಿಗೆ ತಿಂಗಳಿಗೆ ಸರಾಸರಿ 3,000 ಯುವಾನ್‌ಗೂ ಹೆಚ್ಚು ಪಿಂಚಣಿ. ಹಳ್ಳಿಯ ಹುಕೌದವರು ಸಾಮಾನ್ಯವಾಗಿ ಇರುವ ಯೋಜನೆಯಲ್ಲಿ ಕೇಂದ್ರ ನಿಗದಿ ಮಾಡಿದ ಕನಿಷ್ಠ ಮೂಲ ಪಿಂಚಣಿ 2025ರಲ್ಲಿ 20 ಯುವಾನ್ ಏರಿತು. ಏರಿದ ಮೇಲೆ ಅದು ತಿಂಗಳಿಗೆ 143 ಯುವಾನ್. ಬಳಕೆ ಹೆಚ್ಚಿಸಲು ಬೀಜಿಂಗ್ ಹುಡುಕುತ್ತಿರುವ ಮದ್ದು ಈ ಅಂಕಿಯಲ್ಲೇ ಇದೆ, ಅದನ್ನು ಇನ್ನೂರಕ್ಕಲ್ಲ, ಸಾವಿರಕ್ಕೆ ಏರಿಸಬೇಕು.